ರಫ್ತು ಮಾರಾಟ ವಿಭಾಗದಲ್ಲಿ ಇಂಟರ್ನ್ ಆಗಿದ್ದ ತಿಂಗಳುಗಳು

ಪದವಿಯ ಕೊನೆಯ ಹಂತದಲ್ಲಿ, ಕೈಗಾರಿಕಾ ವಾಲ್ವ್‌ಗಳನ್ನು ತಯಾರಿಸಿ ಹೊರದೇಶಗಳಿಗೆ ಮಾರುವ ಸಂಸ್ಥೆಯೊಂದರ ಅಂತರರಾಷ್ಟ್ರೀಯ ಮಾರಾಟ ವಿಭಾಗಕ್ಕೆ ನಾನು ಇಂಟರ್ನ್ ಆಗಿ ಸೇರಿದೆ. ವಾಣಿಜ್ಯಶಾಸ್ತ್ರ ಓದಿದ್ದೆ; ವಿದೇಶಿ ವ್ಯಾಪಾರದ ವಿಷಯದಲ್ಲಿ ಒಳ್ಳೆಯ ಅಂಕಗಳೂ ಬಂದಿದ್ದವು. ಆದರೆ ವಾಲ್ವ್ ಒಂದನ್ನು ಕೈಯಲ್ಲಿ ಹಿಡಿದು ನೋಡಿರಲಿಲ್ಲ, ಸರಕನ್ನು ಹಡಗಿಗೆ ಒಪ್ಪಿಸಿದ್ದಕ್ಕೆ ಸಿಗುವ ಬಿಲ್ ಆಫ್ ಲೇಡಿಂಗ್ ಎಂಬ ದಾಖಲೆ ಹೇಗಿರುತ್ತದೆ ಎಂದು ಕಣ್ಣಾರೆ ಕಂಡಿರಲಿಲ್ಲ, ಮುಖವನ್ನೇ ಕಾಣದ ವ್ಯಕ್ತಿಯೊಬ್ಬರಿಗೆ ಏನನ್ನಾದರೂ ಮಾರಿದ ಅನುಭವವಂತೂ ಇರಲೇ ಇಲ್ಲ. ಮಾರಾಟವೆಂದರೆ ಮಾತಿನ ಚಾತುರ್ಯ ಎಂದೇ ನಂಬಿದ್ದರಿಂದ, ಫೋನಿನಲ್ಲಿ ಇಂಗ್ಲಿಷ್ ತಡವರಿಸಿದರೆ ಏನು ಗತಿ ಎಂಬುದೊಂದೇ ಆಗ ನನ್ನನ್ನು ಕಾಡುತ್ತಿದ್ದ ಚಿಂತೆ. ಆ ಚಿಂತೆ ಬಹುಬೇಗ ಹಿಂದೆ ಸರಿಯಿತು. ಅತ್ತ ಕಡೆಯ ಖರೀದಿದಾರರಲ್ಲಿ ಬಹುತೇಕರಿಗೂ ಇಂಗ್ಲಿಷ್ ಕಲಿತ ಭಾಷೆಯೇ ಆಗಿತ್ತು, ಮತ್ತು ವ್ಯವಹಾರದ ಮುಕ್ಕಾಲು ಪಾಲು ಬರವಣಿಗೆಯಲ್ಲೇ ನಡೆಯುತ್ತಿತ್ತು. ನಿಜವಾದ ತೊಡಕುಗಳು ಬೇರೆಯೇ ದಿಕ್ಕಿನಿಂದ ಬಂದವು.

ಮೊದಲು ವಹಿಸಿದ ಕೆಲಸ ಈ ಕ್ಷೇತ್ರದ ಎಲ್ಲ ಹೊಸಬರಿಗೂ ವಹಿಸುವಂಥದ್ದೇ: ಹೊಸ ಖರೀದಿದಾರರನ್ನು ಹುಡುಕಿ ಪಟ್ಟಿ ಮಾಡುವುದು, ಅವರಿಗೆ ಪರಿಚಯದ ಇಮೇಲ್ ಕಳುಹಿಸುವುದು, ಉತ್ತರ ಬಂದರೆ ಹಿರಿಯರ ಗಮನಕ್ಕೆ ತರುವುದು. ಇಮೇಲ್‌ನ ಒಂದು ಮಾದರಿಯನ್ನು ವಿಭಾಗದವರೇ ಕೊಟ್ಟಿದ್ದರು. ಸಂಸ್ಥೆ ಎಷ್ಟು ಹಳೆಯದು, ಕಾರ್ಖಾನೆ ಎಷ್ಟು ದೊಡ್ಡದು, ಗುಣಮಟ್ಟಕ್ಕೆ ಎಷ್ಟು ಬದ್ಧರು ಎಂಬುದೆಲ್ಲ ಅದರಲ್ಲಿತ್ತು. ಓದುವವನು ತಾನು ಯಾಕೆ ಇದನ್ನು ಓದಬೇಕು ಎಂಬುದಕ್ಕೆ ಮಾತ್ರ ಅದರಲ್ಲಿ ಉತ್ತರವಿರಲಿಲ್ಲ. ಕಳುಹಿಸಿದ ಇಮೇಲ್‌ಗಳಲ್ಲಿ ಕೆಲವು ವಿಳಾಸ ತಪ್ಪಿ ಹಿಂದಿರುಗಿದವು, ಉಳಿದವುಗಳಿಗೆ ಉತ್ತರವೇ ಬರಲಿಲ್ಲ. ನಿರಾಕರಿಸುವವರಿಗೆ ಏನಾದರೂ ಮರುಮಾತು ಹೇಳಬಹುದು, ಸುಮ್ಮನಿರುವವರಿಗೆ ಏನು ಹೇಳುವುದು? ಪ್ರತಿದಿನ ಬೆಳಿಗ್ಗೆ ಇನ್‌ಬಾಕ್ಸ್ ತೆರೆದಾಗ ಅಲ್ಲಿ ಇರುತ್ತಿದ್ದುದು ನಮಗೇ ಏನನ್ನೋ ಮಾರಲು ಬಂದ ಇತರರ ಇಮೇಲ್‌ಗಳು. ಅವುಗಳನ್ನು ನಾನೂ ಓದದೆ ಅಳಿಸುತ್ತಿದ್ದೆ ಎಂಬುದು ಗಮನಕ್ಕೆ ಬರಲು ಸ್ವಲ್ಪ ಕಾಲ ಹಿಡಿಯಿತು.

ಪಟ್ಟಿ ಮಾಡುವ ವಿಧಾನವನ್ನೇ ಬದಲಿಸಿಕೊಳ್ಳಲು ಹೇಳಿದವರು ವಿಭಾಗದಲ್ಲಿ ದೀರ್ಘಕಾಲದಿಂದ ದುಡಿಯುತ್ತಿದ್ದ ಹಿರಿಯ ಸಹೋದ್ಯೋಗಿಯೊಬ್ಬರು. ಎಲ್ಲರೂ ಅವರನ್ನು ಮೇಡಂ ಎಂದೇ ಕರೆಯುತ್ತಿದ್ದರು. ಅವರು ನನ್ನ ಇಂಗ್ಲಿಷನ್ನು ತಿದ್ದಲಿಲ್ಲ. "ಮೊದಲು ನಿಮ್ಮ ವಸ್ತುವಿಗೆ ಸುಂಕದ ಇಲಾಖೆಯವರು ಏನೆಂದು ಕರೆಯುತ್ತಾರೆ, ಅದನ್ನು ತಿಳಿದುಕೊಂಡು ಬನ್ನಿ" ಎಂದರು. ಅವರು ಹೇಳಿದ್ದು ಪ್ರತಿ ಬಗೆಯ ಸರಕಿಗೂ ಇರುವ ಎಚ್‌ಎಸ್ ಕೋಡ್ ಎಂಬ ಸಂಖ್ಯೆಯ ಕುರಿತು. ವಿಶ್ವ ಸುಂಕ ಸಂಸ್ಥೆಯ ಈ ವರ್ಗೀಕರಣ 1988ರಿಂದ ಜಾರಿಯಲ್ಲಿದೆ. ಅದರ ಮೊದಲ ಆರು ಅಂಕಿಗಳು ಅದನ್ನು ಅನುಸರಿಸುವ ಎಲ್ಲ ದೇಶಗಳಿಗೂ ಸಮಾನ, ಮುಂದಿನ ಅಂಕಿಗಳನ್ನು ಆಯಾ ದೇಶ ತನ್ನ ಅಗತ್ಯಕ್ಕೆ ತಕ್ಕಂತೆ ಸೇರಿಸಿಕೊಳ್ಳುತ್ತದೆ. ನಲ್ಲಿ, ವಾಲ್ವ್ ಮುಂತಾದವು 8481 ಎಂಬ ಶೀರ್ಷಿಕೆಯಡಿ ಬರುತ್ತವೆ. ಅದರೊಳಗೆ ಒಂದೇ ದಿಕ್ಕಿನಲ್ಲಿ ಹರಿವನ್ನು ಬಿಡುವ ಚೆಕ್ ವಾಲ್ವ್‌ಗೆ 8481.30, ಒತ್ತಡ ಮಿತಿಮೀರಿದಾಗ ತೆರೆದುಕೊಳ್ಳುವ ಸುರಕ್ಷತಾ ವಾಲ್ವ್‌ಗೆ 8481.40, ನಾವು ಹೆಚ್ಚಾಗಿ ಮಾರುತ್ತಿದ್ದ, ರಂಧ್ರವಿರುವ ಗುಂಡನ್ನು ತಿರುಗಿಸಿ ಹರಿವನ್ನು ತೆರೆದು ಮುಚ್ಚುವ ಬಾಲ್ ವಾಲ್ವ್‌ನಂಥವಕ್ಕೆ 8481.80. ಈ ಆರು ಅಂಕಿಗಳು ಸಿಕ್ಕ ಮೇಲೆ ಹುಡುಕಾಟದ ರೀತಿಯೇ ಬದಲಾಯಿತು. ಯಾವ ದೇಶ ಯಾವ ದೇಶದಿಂದ ಎಷ್ಟು ತರಿಸಿಕೊಳ್ಳುತ್ತದೆ ಎಂಬ ಅಂಕಿಅಂಶಗಳು ಈ ಕೋಡ್‌ನಡಿಯೇ ಪ್ರಕಟವಾಗುತ್ತವೆ. ಆಮದಿಗೆ ಅಲ್ಲಿ ಎಷ್ಟು ಸುಂಕ ಎಂಬುದೂ ಇದರಿಂದಲೇ ತಿಳಿಯುತ್ತದೆ. ಅಮೆರಿಕದಲ್ಲಿ ಹಡಗಿನ ಮೂಲಕ ಬರುವ ಸರಕಿನ ವಿವರಗಳು ಸಾರ್ವಜನಿಕವಾಗಿ ದೊರೆಯುವುದರಿಂದ, ಯಾರು ಈಗಾಗಲೇ ಇಂಥ ಸರಕನ್ನು ತರಿಸುತ್ತಿದ್ದಾರೆ ಎಂಬ ಸುಳಿವೂ ಸಿಗುತ್ತದೆ.

ಇದರ ಜೊತೆಗೆ ಖರೀದಿದಾರರೆಲ್ಲ ಒಂದೇ ಜಾತಿಯವರಲ್ಲ ಎಂಬುದೂ ನಿಧಾನವಾಗಿ ಅರ್ಥವಾಯಿತು. ಸರಕನ್ನು ದಾಸ್ತಾನಿಟ್ಟು ಮಾರುವ ವಿತರಕನಿಗೆ ತನ್ನ ಲಾಭಾಂಶ ಮತ್ತು ನಿರಂತರ ಪೂರೈಕೆ ಮುಖ್ಯ. ಒಂದು ಯೋಜನೆಯ ಗುತ್ತಿಗೆ ಹಿಡಿದವನಿಗೆ ಸರಕು ಯಾವ ದಿನಾಂಕಕ್ಕೆ ಸ್ಥಳದಲ್ಲಿರುತ್ತದೆ ಎಂಬುದು ಮುಖ್ಯ. ತನ್ನ ಯಂತ್ರದೊಳಗೆ ನಮ್ಮ ವಾಲ್ವನ್ನು ಜೋಡಿಸುವ ತಯಾರಕನಿಗೆ ಪ್ರತಿ ತುಂಡೂ ಹಿಂದಿನದರಂತೆಯೇ ಇರಬೇಕು. ಮೂವರಿಗೂ ಒಂದೇ ಇಮೇಲ್ ಹೋಗುತ್ತಿತ್ತು. ನಾನು ಅದನ್ನು ಒಡೆದು, ಪ್ರತಿಯೊಂದನ್ನೂ ನಾಲ್ಕೈದು ಸಾಲಿಗೆ ಇಳಿಸಿ, ಕೊನೆಯಲ್ಲಿ ಉತ್ತರಿಸಲು ಸುಲಭವಾದ ಒಂದೇ ಒಂದು ಪ್ರಶ್ನೆಯನ್ನು ಇಟ್ಟೆ. ಉತ್ತರಗಳು ಹರಿದು ಬಂದವು ಎಂದು ಹೇಳಿದರೆ ಸುಳ್ಳಾಗುತ್ತದೆ. ಆದರೆ ಬಂದವು, ಮತ್ತು ಕಷ್ಟ ಶುರುವಾದದ್ದೇ ಅಲ್ಲಿಂದ.

ನನಗೆ ಬಂದ ಮೊದಲ ಎನ್‌ಕ್ವೈರಿ ಒಂದೇ ಸಾಲಿನದು: ಎರಡು ಇಂಚಿನ ಸ್ಟೇನ್‌ಲೆಸ್ ಸ್ಟೀಲ್ ಬಾಲ್ ವಾಲ್ವ್‌ಗೆ ನಿಮ್ಮ ಅತ್ಯುತ್ತಮ ಬೆಲೆ ತಿಳಿಸಿ. ಸಂತೋಷದಿಂದಲೇ ಬೆಲೆಪಟ್ಟಿ ತೆರೆದೆ. ಪಟ್ಟಿಯಲ್ಲಿ ಎರಡು ಇಂಚಿನ ಸ್ಟೇನ್‌ಲೆಸ್ ಸ್ಟೀಲ್ ಬಾಲ್ ವಾಲ್ವ್‌ಗಳು ಒಂದು ಪುಟದ ತುಂಬ ಇದ್ದವು, ಅತಿ ಕಡಿಮೆಯ ಮತ್ತು ಅತಿ ಹೆಚ್ಚಿನ ಬೆಲೆಗಳ ನಡುವೆ ಹಲವು ಪಟ್ಟು ಅಂತರವಿತ್ತು. ತಾಂತ್ರಿಕ ವಿಭಾಗದ ಎಂಜಿನಿಯರ್ ಬಳಿ ಹೋಗಿ ಯಾವುದನ್ನು ಹೇಳಲಿ ಎಂದು ಕೇಳಿದರೆ, ಅವರು ಉತ್ತರದ ಬದಲು ಪ್ರಶ್ನೆಗಳನ್ನು ಕೊಟ್ಟು ಕಳುಹಿಸಿದರು. ಸ್ಟೀಲ್ 304ರ ದರ್ಜೆಯದೋ 316ರದೋ? ಒಳಗೆ ಹರಿಯುವುದು ನೀರೋ, ಹಬೆಯೋ, ರಾಸಾಯನಿಕವೋ? ತಾಪಮಾನ ಎಷ್ಟು? ಸೀಟಿಗೆ, ಅಂದರೆ ಒಳಗಿನ ಗುಂಡು ಒತ್ತಿ ಕೂರುವ ಉಂಗುರಕ್ಕೆ, ಸಾಮಾನ್ಯವಾಗಿ ಬಳಸುವ ಪಿಟಿಎಫ್‌ಇ ಎಂಬ ಪ್ಲಾಸ್ಟಿಕ್ ಸುಮಾರು 200 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲೇ ತನ್ನ ಮಿತಿಯನ್ನು ಮುಟ್ಟುತ್ತದೆ, ಆದ್ದರಿಂದ ಹಬೆ ಎಂದ ಕೂಡಲೇ ಮಾತು ಬೇರೆಯಾಗುತ್ತದೆ. ಎರಡೂ ತುದಿಯಲ್ಲಿ ತಿರುಗಿಸಿ ಕೂರಿಸುವ ಥ್ರೆಡ್ ಬೇಕೋ ಬೋಲ್ಟ್ ಹಾಕಿ ಬಿಗಿಯುವ ಫ್ಲೇಂಜ್ ಬೇಕೋ? ಥ್ರೆಡ್ ಆದರೆ ಬ್ರಿಟಿಷ್ ಮಾನದಂಡದ ಬಿಎಸ್‌ಪಿಯೋ ಅಮೆರಿಕದ ಎನ್‌ಪಿಟಿಯೋ?

ಈ ಕೊನೆಯ ಪ್ರಶ್ನೆ ನನಗೆ ತೀರ ಸಣ್ಣದೆನಿಸಿತ್ತು. ಎಂಜಿನಿಯರ್ ತಮ್ಮ ಮೇಜಿನ ಡ್ರಾಯರ್‌ನಿಂದ ಎರಡು ತುಂಡುಗಳನ್ನು ತೆಗೆದು ಮುಂದಿಟ್ಟರು. ಬಿಎಸ್‌ಪಿ ಥ್ರೆಡ್‌ನ ಕೋನ 55 ಡಿಗ್ರಿ, ಎನ್‌ಪಿಟಿಯದು 60. ಅರ್ಧ ಇಂಚು ಮತ್ತು ಮುಕ್ಕಾಲು ಇಂಚಿನ ಅಳತೆಗಳಲ್ಲಿ ಎರಡಕ್ಕೂ ಇಂಚಿಗೆ 14 ಎಳೆಗಳೇ ಇರುವುದರಿಂದ ಒಂದು ಇನ್ನೊಂದರೊಳಗೆ ಒಂದಷ್ಟು ಸುತ್ತು ಸರಾಗವಾಗಿ ಹೋಗುತ್ತದೆ, ಕೂತಿತು ಎಂದೇ ಅನಿಸುತ್ತದೆ, ಒತ್ತಡ ಕೊಟ್ಟಾಗ ಸೋರುತ್ತದೆ. ಎರಡು ಇಂಚಿನಲ್ಲಿ ಎಳೆಗಳ ಲೆಕ್ಕವೇ ಬೇರೆಯಾದ್ದರಿಂದ ಹೊಂದಿಕೆಯಾಗದಿರುವುದು ಬೇಗ ಗೊತ್ತಾಗುತ್ತದೆ. ಫ್ಲೇಂಜ್‌ನ ಕಥೆಯೂ ಇಂಥದ್ದೇ. ಎರಡು ಇಂಚಿನ ಅಮೆರಿಕನ್ ಕ್ಲಾಸ್ 150 ಫ್ಲೇಂಜ್‌ಗೂ ಅದಕ್ಕೆ ಸಮವೆನ್ನಲಾಗುವ ಯುರೋಪಿನ ಡಿಎನ್ 50 ಅಳತೆಯ, ಪಿಎನ್ 16 ಒತ್ತಡದ ದರ್ಜೆಯ ಫ್ಲೇಂಜ್‌ಗೂ ಬೋಲ್ಟಿನ ರಂಧ್ರಗಳು ನಾಲ್ಕೇ. ಆದರೆ ಆ ರಂಧ್ರಗಳು ನಿಂತಿರುವ ವೃತ್ತದ ವ್ಯಾಸ ಒಂದರಲ್ಲಿ 120.7 ಮಿಲಿಮೀಟರ್, ಇನ್ನೊಂದರಲ್ಲಿ 125. ಕ್ಯಾಟಲಾಗಿನ ಚಿತ್ರದಲ್ಲಿ ಎರಡಕ್ಕೂ ವ್ಯತ್ಯಾಸ ಕಾಣುವುದಿಲ್ಲ. ಸಮುದ್ರ ದಾಟಿ ಹೋದ ಸರಕಿನಲ್ಲಿ ಈ ನಾಲ್ಕು ಮಿಲಿಮೀಟರ್ ಹೊಂದದಿದ್ದರೆ ಅದನ್ನು ಹಿಂದಕ್ಕೆ ತರಿಸುವ ವೆಚ್ಚ ಸರಕಿನ ಬೆಲೆಯನ್ನೇ ನುಂಗಬಲ್ಲದು.

ಇದಾದ ಮೇಲೆ ಪ್ರಮಾಣಪತ್ರಗಳ ಮಾತು ಬಂತು. ಲೋಹದ ಪರೀಕ್ಷೆಗೆ ಸಂಬಂಧಿಸಿದ ಇಎನ್ 10204 ಎಂಬ ಮಾನದಂಡದಲ್ಲಿ 2.1 ಎಂದರೆ ತಯಾರಕನ ಬರಿಯ ಹೇಳಿಕೆ, 3.1 ಎಂದರೆ ಪರೀಕ್ಷೆಯ ಫಲಿತಾಂಶಗಳ ಸಮೇತ, ಉತ್ಪಾದನಾ ವಿಭಾಗದಿಂದ ಸ್ವತಂತ್ರನಾದ ಅಧಿಕಾರಿಯ ಸಹಿ; 3.2 ಎಂದರೆ ಅದರ ಮೇಲೆ ಖರೀದಿದಾರನ ಕಡೆಯ ಇಲ್ಲವೇ ಹೊರಗಿನ ತಪಾಸಕರ ದೃಢೀಕರಣ. ಈ ಮೂರಕ್ಕೂ ತಗಲುವ ಖರ್ಚು, ಸಮಯ ಬೇರೆ ಬೇರೆ. ಖರೀದಿದಾರ ಸರ್ಟಿಫಿಕೇಟ್ ಸಹಿತ ಎಂದು ಬರೆದರೆ ಯಾವುದೆಂದು ಕೇಳದೆ ಬೆಲೆ ಕಟ್ಟುವಂತಿಲ್ಲ.

ಹೊಸಬನಿಗೆ ಇಲ್ಲಿ ಎದುರಾಗುವ ಇಕ್ಕಟ್ಟು ತಾಂತ್ರಿಕ ಜ್ಞಾನದ ಕೊರತೆಯಷ್ಟೇ ಅಲ್ಲ. ಬೆಲೆ ಕೇಳಿದವರಿಗೆ ಪ್ರಶ್ನೆ ಕೇಳಿದರೆ ಅವರು ಬೇಸರಗೊಂಡು ಬೇರೆಡೆ ಹೋಗಿಯಾರು ಎಂಬ ಭಯ ನನ್ನನ್ನು ಹಿಡಿದಿತ್ತು. ಎಷ್ಟೋ ಕಾಲ ಕಾದು ಸಿಕ್ಕ ಒಂದು ಉತ್ತರವನ್ನು ಪ್ರಶ್ನೆಗಳಿಂದ ಕಳೆದುಕೊಳ್ಳುವುದೇ? ಆದರೆ ನಡೆದದ್ದು ಬೇರೆ. ಕೊಳ್ಳುವ ಉದ್ದೇಶವಿಲ್ಲದೆ ಬೆಲೆಯನ್ನಷ್ಟೇ ಕೇಳುವವರು ಮರುಪ್ರಶ್ನೆ ಕಂಡ ಕೂಡಲೇ ಮಾಯವಾದರು, ನಿಜವಾಗಿ ಬೇಕಾಗಿದ್ದವರು ತಮ್ಮ ನಕ್ಷೆಯನ್ನೇ ಕಳುಹಿಸಿದರು. ಹಾಗೆಂದು ಇಪ್ಪತ್ತು ಪ್ರಶ್ನೆಗಳ ಪಟ್ಟಿಯನ್ನು ಎಸೆಯುವುದೂ ಸರಿಯಲ್ಲ. ಗೊತ್ತಿರುವ ಮಟ್ಟಿಗೆ ಊಹಿಸಿ, "ನೀರಿನ ಲೈನ್‌ಗೆ, 316 ದರ್ಜೆ, ಬಿಎಸ್‌ಪಿ ಥ್ರೆಡ್ ಎಂದು ಭಾವಿಸಿದ್ದೇವೆ, ಬೇರೆಯಿದ್ದರೆ ತಿದ್ದಿ" ಎಂದು ಬರೆದರೆ ಅತ್ತ ಕಡೆಯವರಿಗೆ ತಿದ್ದುವುದು ಸುಲಭವಾಗುತ್ತದೆ. ಅಂತರರಾಷ್ಟ್ರೀಯ ಮಾರಾಟದಲ್ಲಿ ಅನನುಭವಿಯ ಕಷ್ಟದ ತಿರುಳು ಇದೇ ಎಂಬುದು ನನ್ನ ಅಭಿಪ್ರಾಯ: ಖರೀದಿದಾರನ ಮನವೊಲಿಸುವುದಕ್ಕಿಂತ ಬಹಳ ಮೊದಲೇ, ಅವನು ಕೇಳಿದ್ದರಲ್ಲಿ ಏನೇನು ಬಿಟ್ಟುಹೋಗಿದೆ ಎಂದು ಕಾಣಬೇಕಾಗುತ್ತದೆ, ಮತ್ತು ಕಾಣಲು ಬೇಕಾದ ಅನುಭವ ಇರುವುದಿಲ್ಲ.

ವಸ್ತು ಯಾವುದೆಂದು ನಿಶ್ಚಯವಾದ ಮೇಲೆ ಬೆಲೆ ಹೇಳುವುದು ಸುಲಭವಿರಬೇಕಿತ್ತು. ನಾನು ಬರೆದ ಮೊದಲ ಕೊಟೇಷನ್‌ನ ಕರಡನ್ನು ನೋಡಿದ ವ್ಯವಸ್ಥಾಪಕರು, "ಈ ಬೆಲೆ ಎಲ್ಲಿಯವರೆಗಿನದು?" ಎಂದು ಕೇಳಿದರು. ಪ್ರಶ್ನೆಯೇ ನನಗೆ ಅರ್ಥವಾಗಲಿಲ್ಲ. ಕಾರ್ಖಾನೆಯ ಬಾಗಿಲವರೆಗಿನದೋ, ನಮ್ಮ ಬಂದರಿನವರೆಗಿನದೋ, ಅವರ ಬಂದರಿನವರೆಗಿನದೋ, ಅವರ ಗೋದಾಮಿನವರೆಗಿನದೋ ಎಂಬುದು ಗೊತ್ತಿಲ್ಲದಿದ್ದರೆ ಆ ಅಂಕಿಗೆ ಅರ್ಥವೇ ಇಲ್ಲ ಎಂದು ಅವರು ವಿವರಿಸಿದರು. ಪ್ಯಾರಿಸ್‌ನಲ್ಲಿರುವ ಅಂತರರಾಷ್ಟ್ರೀಯ ವಾಣಿಜ್ಯ ಮಂಡಳಿ 1936ರಲ್ಲಿ ಮೊದಲು ಪ್ರಕಟಿಸಿ ಆಗಾಗ ಪರಿಷ್ಕರಿಸುತ್ತ ಬಂದಿರುವ ಇನ್‌ಕೋಟರ್ಮ್ಸ್ ಎಂಬ ನಿಯಮಗಳು ಇರುವುದೇ ಇದಕ್ಕಾಗಿ. 2020ರ ಆವೃತ್ತಿಯಲ್ಲಿ ಒಟ್ಟು 11 ನಿಯಮಗಳಿವೆ. ಏಳು ಯಾವುದೇ ಬಗೆಯ ಸಾಗಣೆಗೆ, ನಾಲ್ಕು ಜಲಸಾರಿಗೆಗೆ ಮಾತ್ರ. ಪರೀಕ್ಷೆಗಾಗಿ ಇವುಗಳ ವಿಸ್ತೃತ ರೂಪಗಳನ್ನು ನಾನು ಬಾಯಿಪಾಠ ಮಾಡಿದ್ದೆ. ಆ ಬಾಯಿಪಾಠದಿಂದ ಕೊಟೇಷನ್‌ನ ಒಂದು ಸಾಲನ್ನೂ ಬರೆಯಲಾಗಲಿಲ್ಲ.

ಉದಾಹರಣೆಗೆ ಸಿಐಎಫ್. ಮಾರುವವನು ಖರೀದಿದಾರನ ಬಂದರಿನವರೆಗಿನ ಸಾಗಣೆ ವೆಚ್ಚವನ್ನೂ ವಿಮೆಯನ್ನೂ ಕೊಡುತ್ತಾನೆ ಎಂದು ಓದಿದ್ದರಿಂದ, ಅಲ್ಲಿಯವರೆಗೂ ಸರಕಿನ ಹೊಣೆ ಅವನದೇ ಎಂದು ಸಹಜವಾಗಿ ತಿಳಿದಿದ್ದೆ. ವಾಸ್ತವದಲ್ಲಿ ವೆಚ್ಚ ಒಂದು ಕಡೆ ಮುಗಿಯುತ್ತದೆ, ಹೊಣೆ ಇನ್ನೊಂದು ಕಡೆ ಮುಗಿಯುತ್ತದೆ: ಸರಕು ಹೊರಡುವ ಬಂದರಿನಲ್ಲಿ ಹಡಗನ್ನೇರಿದ ಕ್ಷಣದಿಂದಲೇ ನಷ್ಟದ ಅಪಾಯ ಖರೀದಿದಾರನಿಗೆ ಸೇರುತ್ತದೆ. ಮಾರುವವನು ಮಾಡಿಸಬೇಕಾದ ವಿಮೆಯೂ ಕನಿಷ್ಠ ರಕ್ಷಣೆಯದು, ಒಪ್ಪಂದದ ಬೆಲೆಯ ಶೇಕಡ 110ಕ್ಕೆ. ಹೆಚ್ಚಿನ ರಕ್ಷಣೆ ಬೇಕಾದರೆ ಬೇರೆಯಾಗಿ ಕೇಳಬೇಕು. ಹಾಗೆಯೇ ಎಫ್‌ಒಬಿ, ಅಂದರೆ ನಮ್ಮ ಬಂದರಿನಲ್ಲಿ ಸರಕನ್ನು ಹಡಗಿಗೆ ಏರಿಸುವವರೆಗಿನ ಬೆಲೆ. ಎಲ್ಲರ ಬಾಯಲ್ಲೂ ಇರುವುದು ಅದೇ. ಕಂಟೇನರ್‌ನಲ್ಲಿ ಹೋಗುವ ಸರಕನ್ನು ಹಡಗು ಬರುವ ಮೊದಲೇ ಟರ್ಮಿನಲ್‌ನಲ್ಲಿ ಒಪ್ಪಿಸಿಬಿಡುವುದರಿಂದ ಅದಕ್ಕೆ ಸಾಗಣೆದಾರನಿಗೆ ಒಪ್ಪಿಸುವವರೆಗಿನ ಎಫ್‌ಸಿಎ ಸರಿಯಾದದ್ದೆಂದು ಮಂಡಳಿಯೇ ಹೇಳುತ್ತದೆ, ಆದರೂ ರೂಢಿ ಎಫ್‌ಒಬಿಯನ್ನು ಬಿಟ್ಟಿಲ್ಲ. ನಾನು ಒಮ್ಮೆ ಉತ್ಸಾಹದಿಂದ ಎಫ್‌ಸಿಎ ಎಂದು ಬರೆದಾಗ ಖರೀದಿದಾರ, ಎಫ್‌ಒಬಿ ಬೆಲೆ ಕೊಡಿ ಎಂದಷ್ಟೇ ಉತ್ತರಿಸಿದ. ವ್ಯವಸ್ಥಾಪಕರು ನಕ್ಕು, ಕೊಟ್ಟುಬಿಡಿ ಎಂದರು. ನಿಯಮ ಗೊತ್ತಿದ್ದೂ ರೂಢಿಗೆ ತಲೆಬಾಗುವುದು ಯಾವಾಗ ಎಂಬುದನ್ನು ಯಾವ ಪಠ್ಯಪುಸ್ತಕವೂ ಹೇಳುವುದಿಲ್ಲ. ಅದನ್ನು ಹೇಳಿಕೊಡಬಲ್ಲವರ ಪಕ್ಕದಲ್ಲಿ ಕೂರಲು ಸಿಕ್ಕಿದ್ದು ನನ್ನ ಅದೃಷ್ಟ. ಇನ್ನು ಡಿಡಿಪಿಯ ಬಗ್ಗೆ, ಅಂದರೆ ಅಲ್ಲಿನ ಆಮದು ಸುಂಕ, ತೆರಿಗೆಗಳನ್ನೂ ನಾವೇ ಕಟ್ಟಿ ಬಾಗಿಲಿಗೆ ತಲುಪಿಸುವುದರ ಬಗ್ಗೆ, ನನಗೆ ಸಿಕ್ಕ ಸೂಚನೆ ಚಿಕ್ಕದು: ಯಾರಿಗೂ ನೀವಾಗಿ ಒಪ್ಪಿಕೊಳ್ಳಬೇಡಿ.

ಸಾಗಣೆ ವೆಚ್ಚವನ್ನು ತಿಳಿಯಲು, ಸರಕಿನ ಸಾಗಣೆಯನ್ನು ಏರ್ಪಡಿಸಿಕೊಡುವ ಫ್ರೈಟ್ ಫಾರ್ವರ್ಡರ್‌ಗಳಿಗೆ ಫೋನ್ ಮಾಡಬೇಕಿತ್ತು. ಅವರು ಮೊದಲು ಕೇಳುತ್ತಿದ್ದುದು ಪೆಟ್ಟಿಗೆಗಳ ಅಳತೆ ಮತ್ತು ತೂಕ. ಅದು ಗೊತ್ತಾಗಲು ಪ್ಯಾಕಿಂಗ್ ವಿಭಾಗವನ್ನು ಕೇಳಬೇಕು. ಅವರು ಹೇಳಲು ಆರ್ಡರಿನ ಪ್ರಮಾಣ ತಿಳಿಯಬೇಕು. ಖರೀದಿದಾರನೋ ಬೆಲೆ ನೋಡಿ ಪ್ರಮಾಣ ಹೇಳುತ್ತೇನೆ ಎನ್ನುತ್ತಾನೆ. ಈ ಸುತ್ತು ಎಲ್ಲೋ ಒಂದು ಕಡೆ ಊಹೆಯಿಂದಲೇ ಮುರಿಯಬೇಕು. ಕಂಟೇನರ್ ತುಂಬದಷ್ಟು ಸರಕಾದರೆ ಇತರರ ಸರಕಿನೊಂದಿಗೆ ಹಂಚಿಕೊಂಡು ಕಳುಹಿಸುತ್ತಾರೆ, ಆಗ ಒಂದು ಘನ ಮೀಟರ್ ಅಥವಾ ಒಂದು ಟನ್, ಯಾವುದು ಹೆಚ್ಚೋ ಅದರ ಲೆಕ್ಕದಲ್ಲಿ ದರ. ವಿಮಾನದಲ್ಲಾದರೆ ಘನ ಮೀಟರಿಗೆ 167 ಕಿಲೋ ಎಂದು ಹಿಡಿದು, ನಿಜವಾದ ತೂಕದೊಂದಿಗೆ ಹೋಲಿಸಿ, ಹೆಚ್ಚಿನದಕ್ಕೆ ದರ ಹಾಕುತ್ತಾರೆ. ವಾಲ್ವ್ ಎಂಬುದು ಗಟ್ಟಿ ಲೋಹ. ಇಪ್ಪತ್ತು ಅಡಿಯ ಕಂಟೇನರ್‌ನ ಒಳಗೆ ಸುಮಾರು 33 ಘನ ಮೀಟರ್ ಜಾಗವಿದ್ದರೂ ಅದು ತುಂಬುವ ಎಷ್ಟೋ ಮೊದಲೇ ತೂಕದ ಮಿತಿ ಎದುರಾಗುತ್ತದೆ. ಆದ್ದರಿಂದ ದೊಡ್ಡ ಕಂಟೇನರ್ ತೆಗೆದುಕೊಂಡರೆ ಅಗ್ಗವಾಗುತ್ತದೆ ಎಂಬ ನನ್ನ ಸರಳ ಗಣಿತ ಇಲ್ಲಿ ನಡೆಯಲಿಲ್ಲ. ಮರದ ಪೆಟ್ಟಿಗೆಗೂ ಒಂದು ನಿಯಮವಿದೆ: ಕೀಟಗಳು ಗಡಿ ದಾಟದಂತೆ, ಮರದ ತಿರುಳಿನವರೆಗೂ 56 ಡಿಗ್ರಿಯಲ್ಲಿ 30 ನಿಮಿಷ ಕಾಯಿಸಿಯೋ ಒಪ್ಪಿತವಾದ ಬೇರೆ ವಿಧಾನದಿಂದಲೋ ಸಂಸ್ಕರಿಸಿ, ಐಎಸ್‌ಪಿಎಂ 15 ಮುದ್ರೆ ಒತ್ತಿರಬೇಕು. ಮುದ್ರೆಯಿಲ್ಲದ ಪೆಟ್ಟಿಗೆಗಾಗಿ ಒಳಗಿನ ಸರಕು ಬಂದರಿನಲ್ಲೇ ನಿಲ್ಲಬಹುದು.

ಈ ಎಲ್ಲವನ್ನೂ ಕೂಡಿಸಿ ಬರೆದ ಅಂಕಿಗೂ ಆಯುಷ್ಯವಿರುತ್ತದೆ. ಹಡಗಿನ ದರ ಬದಲಾಗುತ್ತದೆ, ವಿನಿಮಯ ದರ ಬದಲಾಗುತ್ತದೆ, ಸ್ಟೀಲಿನ ಬೆಲೆ ಬದಲಾಗುತ್ತದೆ. ಕೊಟೇಷನ್‌ನ ಕೆಳಗೆ ಇಷ್ಟು ದಿನಗಳವರೆಗೆ ಮಾತ್ರ ಮಾನ್ಯ ಎಂಬ ಸಾಲು ಇರದಿದ್ದರೆ, ಮರೆತೇ ಹೋದ ಖರೀದಿದಾರನೊಬ್ಬ ಹಳೆಯ ಬೆಲೆಗೆ ಆರ್ಡರ್ ಹಿಡಿದು ಬರುತ್ತಾನೆ, ಮತ್ತು ಹಾಗೆ ಬಂದವನಿಗೆ ಇಲ್ಲ ಎನ್ನುವುದು ಬಹಳ ಮುಜುಗರದ ಕೆಲಸ.

ಇಂಟರ್ನ್ ಆದವನ ಇನ್ನೊಂದು ಸಂಕಟವನ್ನು ಇಲ್ಲಿಯೇ ಹೇಳಬೇಕು. ಖರೀದಿದಾರನ ಕಣ್ಣಿಗೆ ನಾನೇ ಸಂಸ್ಥೆ. ಸಂಸ್ಥೆಯೊಳಗೆ ನನಗೆ ಯಾವ ತೀರ್ಮಾನದ ಅಧಿಕಾರವೂ ಇಲ್ಲ. ಅವನು ಶೇಕಡ ಮೂರು ಕಡಿಮೆ ಮಾಡಿ ಎಂದರೆ ವ್ಯವಸ್ಥಾಪಕರನ್ನು ಕೇಳಬೇಕು, ಯಾವಾಗ ಸಿದ್ಧವಾಗುತ್ತದೆ ಎಂದರೆ ಉತ್ಪಾದನಾ ವಿಭಾಗವನ್ನು, ಹಣ ತಡವಾಗಿ ಕೊಡಲೇ ಎಂದರೆ ಲೆಕ್ಕಪತ್ರ ವಿಭಾಗವನ್ನು. ಆ ವಿಭಾಗಗಳವರಿಗೆ ನನ್ನ ಪ್ರಶ್ನೆ ದಿನದ ಕೊನೆಯ ಆದ್ಯತೆ. ಕಾಲವಲಯದ ಅಂತರ ಇದನ್ನು ಇನ್ನಷ್ಟು ಹಿಗ್ಗಿಸುತ್ತದೆ: ನಮ್ಮ ಸಂಜೆ ಬಂದ ಪ್ರಶ್ನೆಗೆ ಮರುದಿನ ಉತ್ತರ ಸಂಗ್ರಹಿಸಿ ಕಳುಹಿಸುವಷ್ಟರಲ್ಲಿ ಅಲ್ಲಿ ವಾರಾಂತ್ಯ ಬಂದಿರುತ್ತದೆ. ವಾರಾಂತ್ಯವೂ ಎಲ್ಲೆಡೆ ಒಂದೇ ಅಲ್ಲ. ಸೌದಿ ಅರೇಬಿಯಾದಲ್ಲಿ ಶುಕ್ರವಾರ, ಶನಿವಾರ ರಜೆ, ಅದೇ ಸಂಯುಕ್ತ ಅರಬ್ ಸಂಸ್ಥಾನ 2022ರ ಜನವರಿಯಿಂದ ಶನಿವಾರ, ಭಾನುವಾರಕ್ಕೆ ಬದಲಾಯಿಸಿಕೊಂಡಿತು. ಪರಿಶೀಲಿಸಿ ತಿಳಿಸುತ್ತೇನೆ ಎಂಬ ಸಾಲನ್ನು ಎಷ್ಟು ಬಾರಿ ಬರೆಯಬೇಕಾಗುತ್ತಿತ್ತೆಂದರೆ, ಅದನ್ನು ಬರೆಯುವಾಗಲೇ ಅವಮಾನವಾದಂತೆ ಅನಿಸುತ್ತಿತ್ತು. ಮೇಡಂ ಅದಕ್ಕೊಂದು ತಿದ್ದುಪಡಿ ಸೂಚಿಸಿದರು: ಯಾರನ್ನು ಕೇಳಬೇಕಿದೆ, ಯಾವ ದಿನ ತಿಳಿಸುತ್ತೇನೆ ಎಂಬ ಎರಡನ್ನೂ ಅದೇ ಸಾಲಿನಲ್ಲಿ ಬರೆಯುವುದು, ಮತ್ತು ಆ ದಿನ ಉತ್ತರ ಸಿಗದಿದ್ದರೂ ಸಿಕ್ಕಿಲ್ಲ ಎಂದಾದರೂ ಬರೆಯುವುದು. ಇದು ಕೆಲಸವನ್ನು ಹಗುರ ಮಾಡಲಿಲ್ಲ, ಆದರೆ ಖರೀದಿದಾರರ ಧಾಟಿ ಬದಲಾದದ್ದನ್ನು ನಾನು ಗಮನಿಸಿದೆ.

ಸಣ್ಣ ಸಂಗತಿಗಳೂ ಇದ್ದವು. 03/04 ಎಂದು ಬರೆದರೆ ಒಬ್ಬರಿಗೆ ಏಪ್ರಿಲ್ 3, ಮತ್ತೊಬ್ಬರಿಗೆ ಮಾರ್ಚ್ 4. ತಿಂಗಳನ್ನು ಅಕ್ಷರದಲ್ಲೇ ಬರೆಯುವುದು ಕ್ಷೇಮ. ಯುರೋಪಿನ ಹಲವು ದೇಶಗಳಲ್ಲಿ ದಶಾಂಶಕ್ಕೆ ಅಲ್ಪವಿರಾಮ ಬಳಸುತ್ತಾರಾದ್ದರಿಂದ 1,250 ಕಿಲೋ ಎಂಬುದು ಅಲ್ಲಿನವರಿಗೆ ಒಂದೂಕಾಲು ಕಿಲೋ ಆಗಿ ಕಾಣಬಹುದು.

ಸ್ಯಾಂಪಲ್, ಬೆಲೆಯ ಹಗ್ಗಜಗ್ಗಾಟ, ಮತ್ತೆ ಮತ್ತೆ ನೆನಪಿಸುವ ಇಮೇಲ್‌ಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಅವು ದೇಶದೊಳಗಿನ ಮಾರಾಟದಲ್ಲೂ ಹೆಚ್ಚುಕಡಿಮೆ ಹೀಗೆಯೇ ಇರುತ್ತವೆ. ಒಂದು ಮಾತು ಮಾತ್ರ: ಬೆಲೆ ಹೆಚ್ಚಾಯಿತು ಎಂದು ಬರೆದವನು ಹೋಗಿಬಿಟ್ಟವನಲ್ಲ. ಪ್ರತಿಸ್ಪರ್ಧಿಯ ಬೆಲೆಯೊಂದಿಗೆ ನಮ್ಮದನ್ನು ಹೋಲಿಸಿದ್ದಾನೆ ಎಂದರ್ಥ, ಮತ್ತು ಎರಡೂ ಒಂದೇ ಸರಕಿನ, ಒಂದೇ ನಿಯಮದ ಬೆಲೆಗಳೇ ಎಂದು ಕೇಳಿದರೆ ಹಲವು ಸಲ ಅಲ್ಲವೆಂದು ತಿಳಿಯುತ್ತಿತ್ತು. ಒಬ್ಬ ಖರೀದಿದಾರ ನಮ್ಮ ಸಿಐಎಫ್ ಬೆಲೆಯನ್ನು ಇನ್ನೊಬ್ಬರ ಎಫ್‌ಒಬಿ ಬೆಲೆಯ ಪಕ್ಕದಲ್ಲಿಟ್ಟು ದುಬಾರಿ ಎಂದಿದ್ದ.

ಆ ಖರೀದಿದಾರನೊಂದಿಗೇ ಮಾತು ಮುಂದುವರಿದು ಹಣ ಪಾವತಿಯ ಪ್ರಶ್ನೆಗೆ ಬಂತು. ನಾವು ಕೇಳಿದ್ದು ಆರ್ಡರಿನೊಂದಿಗೆ ಶೇಕಡ 30 ಮುಂಗಡ, ಉಳಿದ 70 ಸರಕು ಹೊರಡುವ ಮೊದಲು, ಬ್ಯಾಂಕ್ ವರ್ಗಾವಣೆಯ ಮೂಲಕ. ಎಂದೂ ವ್ಯವಹರಿಸದವರಿಗೆ ಮುಂಗಡ ಕೊಡಲು ಅವನು ಒಪ್ಪಲಿಲ್ಲ. ಹಣವಿಲ್ಲದೆ ಸರಕು ಕಳುಹಿಸಲು ನಾವು ಸಿದ್ಧರಿರಲಿಲ್ಲ. ಇಬ್ಬರೂ ನಂಬದಿದ್ದಾಗ ನಡುವೆ ಬ್ಯಾಂಕ್ ಬರುತ್ತದೆ. ಹಾಗೆ ಲೆಟರ್ ಆಫ್ ಕ್ರೆಡಿಟ್, ಅಂದರೆ ಹೇಳಿದ ದಾಖಲೆಗಳನ್ನು ಒಪ್ಪಿಸಿದರೆ ಹಣ ಕೊಡುತ್ತೇನೆಂಬ ಖರೀದಿದಾರನ ಬ್ಯಾಂಕಿನ ಭರವಸೆ, ಎಂದು ತೀರ್ಮಾನವಾಗಿ, ಸರಕು, ಬೆಲೆ, ಷರತ್ತುಗಳನ್ನು ಮುಂಚಿತವಾಗಿ ತೋರಿಸುವ ಪ್ರೊಫಾರ್ಮಾ ಇನ್‌ವಾಯ್ಸ್ ಕಳುಹಿಸಿದೆವು. ನಮ್ಮ ಬ್ಯಾಂಕ್ ಖಾತೆಯ ವಿವರಗಳಿದ್ದ ಆ ಹಾಳೆಯನ್ನು ಕಳುಹಿಸಿದ ದಿನವೇ ಖರೀದಿದಾರನಿಗೆ ಫೋನ್ ಮಾಡಿ, ಖಾತೆ ಬದಲಾಗಿದೆ ಎಂಬ ಇಮೇಲ್ ಎಂದಾದರೂ ಬಂದರೆ ನಮಗೆ ಫೋನ್ ಮಾಡದೆ ನಂಬಬೇಡಿ ಎಂದು ಹೇಳಲು ಲೆಕ್ಕಪತ್ರ ವಿಭಾಗದವರು ನನಗೆ ಸೂಚಿಸಿದರು. ಇಮೇಲ್‌ಗಳ ನಡುವೆ ನುಸುಳಿ ಖಾತೆಯ ಸಂಖ್ಯೆ ಬದಲಿಸುವ ವಂಚನೆ ಈ ವ್ಯಾಪಾರದಲ್ಲಿ ಅಷ್ಟು ಸಾಮಾನ್ಯ.

ಕ್ರೆಡಿಟ್‌ನ ಪ್ರತಿ ಬ್ಯಾಂಕಿನಿಂದ ಬಂದಾಗ ವಿಭಾಗದಲ್ಲಿ ಸಂತೋಷವಿತ್ತು. ಮೇಡಂ ಮಾತ್ರ ಪೆನ್ಸಿಲ್ ಹಿಡಿದು ಕುಳಿತರು, ನನ್ನನ್ನೂ ಕೂರಿಸಿಕೊಂಡರು. ಆ ಸಂದೇಶದಲ್ಲಿ ಪ್ರತಿಯೊಂದು ವಿಷಯಕ್ಕೂ ಒಂದು ಕ್ರಮಸಂಖ್ಯೆ ಇರುತ್ತದೆ: 44ಸಿಯಲ್ಲಿ ಸರಕು ಹಡಗೇರಬೇಕಾದ ಕೊನೆಯ ದಿನಾಂಕ, 31ಡಿಯಲ್ಲಿ ಕ್ರೆಡಿಟ್ ಮುಗಿಯುವ ದಿನಾಂಕ, 46ಎಯಲ್ಲಿ ಒಪ್ಪಿಸಬೇಕಾದ ದಾಖಲೆಗಳು. 2007ರ ಜುಲೈ 1ರಿಂದ ಜಾರಿಯಲ್ಲಿರುವ ಯುಸಿಪಿ 600 ಎಂಬ ನಿಯಮಾವಳಿಯ ಪ್ರಕಾರ ಬ್ಯಾಂಕುಗಳು ವ್ಯವಹರಿಸುವುದು ದಾಖಲೆಗಳೊಂದಿಗೆ, ಸರಕಿನೊಂದಿಗಲ್ಲ. ವಾಲ್ವ್‌ಗಳು ಎಷ್ಟೇ ಚೆನ್ನಾಗಿರಲಿ, ಕಾಗದ ಕ್ರೆಡಿಟ್‌ನಲ್ಲಿ ಹೇಳಿದಂತಿಲ್ಲದಿದ್ದರೆ ಬ್ಯಾಂಕ್ ಹಣ ತಡೆಯಬಹುದು. ದಾಖಲೆಗಳನ್ನು ಸರಕು ಹೊರಟ 21 ದಿನಗಳೊಳಗೆ, ಕ್ರೆಡಿಟ್‌ನ ಅವಧಿ ಮುಗಿಯುವ ಮೊದಲು ಒಪ್ಪಿಸಬೇಕು. ಪರಿಶೀಲನೆಗೆ ಬ್ಯಾಂಕಿಗೆ ಹೆಚ್ಚೆಂದರೆ ಐದು ಬ್ಯಾಂಕಿಂಗ್ ದಿನಗಳ ಅವಕಾಶ. ಅರ್ಥ ಕೆಡಿಸದ ಕಾಗುಣಿತದ ದೋಷವನ್ನು ಬ್ಯಾಂಕುಗಳು ತಪ್ಪೆಂದು ಎಣಿಸಬಾರದೆಂಬ ರೂಢಿಯಿದೆ, ಆದರೆ ಮಾದರಿ ಸಂಖ್ಯೆಯ ಅಂಕಿಗಳು ಅದಲುಬದಲಾದರೆ ಅದು ತಪ್ಪೇ. ನಮ್ಮ ವಾಲ್ವ್‌ಗಳ ಮಾದರಿ ಸಂಖ್ಯೆಗಳು ಉದ್ದುದ್ದ ಅಂಕಿಗಳ ಸಾಲುಗಳಾಗಿದ್ದುದರಿಂದ ಈ ಮಾತು ನನ್ನನ್ನು ಸಾಕಷ್ಟು ಹೆದರಿಸಿತು.

ಓದುತ್ತ ಹೋದಂತೆ ಮೂರು ತೊಡಕುಗಳು ಕಂಡವು. ಉತ್ಪಾದನಾ ವಿಭಾಗ ನಮಗೆ ಹೇಳಿದ್ದ ದಿನಕ್ಕೂ ಹಡಗೇರಬೇಕಾದ ಕೊನೆಯ ದಿನಕ್ಕೂ ನಡುವೆ ಬಹಳ ಕಡಿಮೆ ಅಂತರವಿತ್ತು. ಸರಕನ್ನು ಒಂದೇ ಕಂತಿನಲ್ಲಿ ಕಳುಹಿಸಬೇಕು, ಭಾಗ ಭಾಗವಾಗಿ ಕಳುಹಿಸುವಂತಿಲ್ಲ ಎಂಬ ಷರತ್ತಿತ್ತು. ಎಲ್ಲಕ್ಕಿಂತ ಗಂಭೀರವಾದದ್ದು, ದಾಖಲೆಗಳ ಪಟ್ಟಿಯಲ್ಲಿ ಖರೀದಿದಾರನೇ ಸಹಿ ಮಾಡಿದ ತಪಾಸಣಾ ಪ್ರಮಾಣಪತ್ರವನ್ನು ಸೇರಿಸಲಾಗಿತ್ತು. ಆ ಸಹಿ ಹಾಕದಿರುವುದು ಅವನ ಕೈಯಲ್ಲೇ ಇರುವುದರಿಂದ, ಬ್ಯಾಂಕಿನ ಭರವಸೆಯ ಬೀಗದ ಕೈ ಮತ್ತೆ ಅವನ ಬಳಿಗೇ ಹೋದಂತಾಗುತ್ತದೆ. ಅವನು ಮೋಸಗಾರನೆಂದು ಇದರರ್ಥವಲ್ಲ; ಬಹುಶಃ ಹಳೆಯ ಕ್ರೆಡಿಟ್‌ನ ಸಾಲನ್ನೇ ನಕಲಿಸಿದ್ದಿರಬಹುದು. ಆದರೂ ಹಾಗೆಯೇ ಬಿಡುವಂತಿರಲಿಲ್ಲ.

ತಿದ್ದುಪಡಿ ಕೋರುವ ಇಮೇಲ್ ಬರೆಯುವ ಕೆಲಸ ನನಗೆ ಬಂತು. ಮೊದಲಿನ ತಿಂಗಳುಗಳಲ್ಲಿ ಇದನ್ನು ಬರೆಯಬೇಕಾಗಿದ್ದರೆ ಕ್ಷಮೆ ಕೇಳುವುದರಿಂದಲೇ ಆರಂಭಿಸುತ್ತಿದ್ದೆ ಎನಿಸುತ್ತದೆ. ಈಗ ಮೂರೂ ಅಂಶಗಳನ್ನು ಕ್ರಮಸಂಖ್ಯೆಯೊಂದಿಗೆ ಬರೆದು, ಪ್ರತಿಯೊಂದಕ್ಕೂ ಕಾರಣವನ್ನು ಒಂದು ಸಾಲಿನಲ್ಲಿ ಹೇಳಿ, ಖರೀದಿದಾರನ ಸಹಿಯ ಬದಲು ಸ್ವತಂತ್ರ ತಪಾಸಣಾ ಸಂಸ್ಥೆಯೊಂದರ ಪ್ರಮಾಣಪತ್ರ ಆಗಬಹುದೇ, ಅದರ ವೆಚ್ಚವನ್ನು ಅರ್ಧರ್ಧ ಹಂಚಿಕೊಳ್ಳೋಣವೇ ಎಂದು ಕೇಳಿದೆ. ವೆಚ್ಚ ಹಂಚಿಕೊಳ್ಳುವ ಮಾತಿಗೆ ವ್ಯವಸ್ಥಾಪಕರ ಒಪ್ಪಿಗೆಯನ್ನು ಮೊದಲೇ ಪಡೆದಿದ್ದೆ. ಖರೀದಿದಾರ ತಪಾಸಣೆಯ ವಿಷಯವನ್ನೂ ದಿನಾಂಕದ ವಿಷಯವನ್ನೂ ಒಪ್ಪಿದ. ಭಾಗಶಃ ಸಾಗಣೆಗೆ ಮಾತ್ರ ಒಪ್ಪಲಿಲ್ಲ, ಅವನ ಸುಂಕದ ಕೆಲಸ ಎರಡೆರಡು ಬಾರಿ ಆಗುತ್ತದೆಂದು. ಅದು ನ್ಯಾಯವಾದ ಕಾರಣವೇ ಆಗಿತ್ತು.

ತಿದ್ದುಪಡಿಯಾದ ಕ್ರೆಡಿಟ್ ಬ್ಯಾಂಕಿನ ಮೂಲಕ ಬಂದಾಗ ನನ್ನ ಇಂಟರ್ನ್‌ಷಿಪ್‌ನ ಅವಧಿ ಮುಗಿಯುತ್ತ ಬಂದಿತ್ತು. ಸರಕು ಇನ್ನೂ ಕಾರ್ಖಾನೆಯಲ್ಲೇ ಇತ್ತು, ದೊಡ್ಡ ಅಳತೆಯ ವಾಲ್ವ್‌ಗಳ ಎರಕ ಆಗಷ್ಟೇ ಬಂದಿತ್ತು. ಕಡತದ ಮೇಲ್ಭಾಗದಲ್ಲಿ ನಾಲ್ಕು ಸಾಲಿನ ಟಿಪ್ಪಣಿ ಇಟ್ಟೆ: ಹಡಗೇರುವ ಕೊನೆಯ ದಿನ, ದಾಖಲೆ ಒಪ್ಪಿಸುವ ಕೊನೆಯ ದಿನ, ತಪಾಸಣೆಗೆ ಇನ್ನೂ ದಿನ ಗೊತ್ತುಪಡಿಸಿಲ್ಲ, ಒಂದೇ ಕಂತಿನಲ್ಲೇ ಹೋಗಬೇಕಾದ್ದರಿಂದ ಉತ್ಪಾದನಾ ವಿಭಾಗವನ್ನು ಪ್ರತಿ ವಾರ ಕೇಳುತ್ತಿರಬೇಕು. ಕಡತವನ್ನು ದಾಖಲಾತಿ ವಿಭಾಗದವರಿಗೆ ಒಪ್ಪಿಸುವಾಗ ಅವರು ಟಿಪ್ಪಣಿಯನ್ನು ಓದಿ, ಪ್ಯಾಕಿಂಗ್ ಪಟ್ಟಿಯಲ್ಲಿ ನಿವ್ವಳ ತೂಕವನ್ನೂ ಒಟ್ಟು ತೂಕವನ್ನೂ ಬೇರೆ ಬೇರೆ ತೋರಿಸಬೇಕೆಂದು ಕ್ರೆಡಿಟ್‌ನಲ್ಲಿ ಕೇಳಿದ್ದಾರೆಯೇ ಎಂದು ವಿಚಾರಿಸಿದರು. ಕೇಳಿದ್ದರು. ಅದನ್ನು ಐದನೆಯ ಸಾಲಾಗಿ ಸೇರಿಸಿದೆ.